ಹೌಸಾಬಾಯಿ ಹಿಡಿದ ಕೈ

ಮಿರಜಿನ ನಮ್ಮ ಗಲ್ಲಿಯಲ್ಲಿ ಬಳೆಗಾರ್ತಿ ಹೌಸಾಬಾಯಿಯ ಬಾಯಿಗೆ ಹೆದರದವರಿರಲಿಲ್ಲ. ಬಳೆ ತೊಡಿಸುತ್ತಲೇ ಗಿರಾಕಿಯ ಅತ್ತೆ, ಗಂಡ, ಅಡುಗೆ ಎಲ್ಲವನ್ನೂ ಜಾಲಾಡುತ್ತಿದ್ದಳು. ಕೈ ಮಾತ್ರ ಬೆಣ್ಣೆ. ಎಂಥ ಒರಟು ಕೈಯಿರಲಿ, ಹಿಚುಕಿ ಮೆತ್ತಗೆ ಮಾಡಿ, ಒಂದು ಗೀರೂ ಬೀಳದಂತೆ ಗಾಜಿನ ಬಳೆ ಏರಿಸುವಳು. ಅದಕ್ಕೇ ಬೈಸಿಕೊಂಡವರೂ ಮತ್ತೆ ಅವಳಲ್ಲಿಗೇ ಹೋಗುತ್ತಿದ್ದರು. ಇದನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದವಳು ಅವಳ ನೆಗೆಣ್ಣಿ, ಮೈದುನನ ಹೆಂಡತಿ ಶೇವಂತಾ. ಅವಳದೂ ಪಕ್ಕದಲ್ಲೇ ಬಳೆ ಅಂಗಡಿ. ಮಾವ ಸತ್ತ ಮೇಲೆ ನಡುವೆ ಗೋಡೆ ಎದ್ದಿತ್ತು. ಇಬ್ಬರ ನಡುವೆ ಮಾತಿರಲಿಲ್ಲ, ಬೈಗುಳವಿತ್ತು.

ಒಂದು ದಿನ ಹೌಸಾಬಾಯಿ ಸಂತೆಯಲ್ಲಿ ಕುಸಿದು ಬಿದ್ದಳು. ಎದೆಬಡಿತ ಹದ ತಪ್ಪಿ ಓಡುತ್ತದೆ, ಹೀಗೇ ಬಿಟ್ಟರೆ ಎಂದಾದರೂ ನಿಂತೀತು ಎಂದ ಡಾಕ್ಟರರು ಎಡ ಭುಜದ ಕೆಳಗೆ, ಚರ್ಮದಡಿ, ಒಂದು ಪುಟ್ಟ ಯಂತ್ರ ಕೂರಿಸಿದರು. ಬಡಿತ ಅಡ್ಡಾದಿಡ್ಡಿಯಾದಾಗ ಒಳಗಿನಿಂದಲೇ ಶಾಕ್ ಕೊಟ್ಟು ದಾರಿಗೆ ತರುವ ಯಂತ್ರ. ಮುಟ್ಟಿದವರಿಗೆ ಅದರಿಂದ ಅಪಾಯವಿಲ್ಲ ಎಂದೂ ಹೇಳಿ ಕಳಿಸಿದ್ದರು.

ಆದರೆ ಅದು ಮೊದಲ ಸಲ ಶಾಕ್ ಕೊಟ್ಟಿದ್ದು ಘೋರ್ಪಡೆಯವರ ಸೊಸೆಗೆ ಬಳೆ ಏರಿಸುವಾಗ. ಹೌಸಾಬಾಯಿ ಬೆಚ್ಚಿದ ರಭಸಕ್ಕೆ ಬಳೆ ಒಡೆದು ಹುಡುಗಿಯ ಕೈ ಕೊಯ್ದಿತು. ಶೇವಂತಾಳಿಗೆ ಅಷ್ಟೇ ಸಾಕಾಯಿತು.

"ಆಕೀ ಕೈ ಹಿಡದ್ರ ಕರೆಂಟ್ ಹೊಡೀತೈತವ್ವಾ. ಘೋರ್ಪಡ್ಯಾರ ಸೊಸಿ ಕೈ ನೋಡೀರೇನು?" ಎಂದು ಮನೆಮನೆಗೆ ಊದಿ ಬಂದಳು.

ನಮ್ಮ ಗಲ್ಲಿಯ ಹೆಂಗಸರಿಗೆ ಡಾಕ್ಟರರ ಮಾತು ಯಾಕೆ ಬೇಕು? ಚಾಡಿ ಸಿಕ್ಕರೆ ಹಬ್ಬ. ಗಿರಾಕಿಗಳು ಬರುವುದೇ ನಿಂತುಹೋಯಿತು. ಸಂಕ್ರಾಂತಿಯ ಎಳ್ಳುಂಡೆಯನ್ನೂ ಅವಳ ಅಂಗೈಗಿಡದೆ ಕಟ್ಟೆಯ ಮೇಲಿಟ್ಟು ಹೋದರು. ನೋಡಿ ನನಗೆ ಮೈ ಉರಿಯಿತು. ಕೈ ಹಿಡಿಯದೆ ಬಳೆಗಾರ್ತಿ ಬದುಕುವುದು ಹೇಗೆ? ಅಂಗಡಿ ಮುಚ್ಚುವುದೊಂದೇ ಬಾಕಿಯಿತ್ತು.

ಅಷ್ಟರಲ್ಲಿ ಮಾನೆಯವರ ಮಗಳ ಮದುವೆ ಬಂತು. ಮದುಮಗಳಿಗೆ ಹಸಿರು ಬಳೆ ತೊಡಿಸಲು ಶೇವಂತಾಳನ್ನು ಕರೆಸಿದ್ದರು. ಪಡಸಾಲೆ ತುಂಬ ನಾವು ಹೆಂಗಸರು ಕೂತಿದ್ದೆವು. ಹೌಸಾಬಾಯಿ ಬಳೆಗಂಟು ಹೊತ್ತು ನೇರ ಒಳಗೆ ಬಂದಳು.

"ಕರೀದ ಬಂದೀಯಲ್ಲ, ನಾಚ್ಕಿ ಇಲ್ಲೇನ?" ಎಂದಳು ಶೇವಂತಾ.

"ನಾಚ್ಕಿ ನಿನಗಿರಬೇಕಿತ್ತು, ನನ್ನ ಅನ್ನ ಕಸಕೊಳ್ಳೂ ಮುಂದ."

"ದೂರ ನಿಲ್ಲು. ಮದುವಿ ಹುಡುಗಿ ಅದಾಳ ಇಲ್ಲಿ. ಏನರ ಆದ್ರ?"

"ಹೌದಾ? ಹಂಗಾರ ಮೊದಲ ನೀನ ಸಾಯಿ," ಎಂದವಳೇ ಹೌಸಾಬಾಯಿ ನೆಗೆಣ್ಣಿಯ ಮಣಿಕಟ್ಟು ಹಿಡಿದಳು.

ಒಬ್ಬಳು ಎಳೆದರೆ ಇನ್ನೊಬ್ಬಳು ಜಗ್ಗಿದಳು. ಆ ಎಳೆದಾಟದಲ್ಲೇ ಹೌಸಾಬಾಯಿ ಎದೆಗೆ ಒದೆ ತಿಂದವಳಂತೆ ಹಾಂ ಎಂದು ಕುಸಿದು ಕೂತಳು. ಯಂತ್ರ ಹೊಡೆದಿತ್ತು. ಹಿಡಿತ ಮಾತ್ರ ಬಿಟ್ಟಿರಲಿಲ್ಲ. ಮದುಮಗಳ ತಾಯಿ ಬಾಗಿಲಾಚೆಗೆ ಸರಿದು, "ಶೇವಂತಾಬಾಯಿ, ಹೊಡೀತೇನ್ರಿ ಕರೆಂಟ್?" ಎಂದು ಕೇಳಿದಳು.

ಶೇವಂತಾ ಒಂದು ಸಲ ಚೀರಿದ್ದರೆ ಸಾಕಿತ್ತು, ಹೌಸಾಬಾಯಿಯ ಕಥೆ ಮುಗಿಯುತ್ತಿತ್ತು. ಚೀರಲು ಬಾಯಿ ತೆರೆದದ್ದನ್ನೂ ನಾನು ನೋಡಿದೆ. ಆದರೆ ನೆಲದ ಮೇಲಿಂದ ಹೌಸಾಬಾಯಿ ಏದುಸಿರಿನಲ್ಲೇ ನಕ್ಕಳು.

"ಅಂಜಿದಿ ನೋಡು. ಮಾರಿ ಬಿಳಚೇತಿ."

ಶೇವಂತಾಳಿಗೆ ಅದನ್ನು ತಡೆಯಲಾಗಲಿಲ್ಲ.

"ನಾ ಅಂಜೂದಾ? ನಿನಗಾ? ಗಟ್ಟಿ ಇದ್ದಾಗ ನನ್ನ ಕೂದಲಾ ಕೊಂಕ್ಸಾಕ ಆಗಲಿಲ್ಲ ನಿನಗ. ಇನ್ನ ನಿನ್ನ ಈ ಡಬ್ಬಿ ಏನ್ ಮಾಡ್ತೈತಿ? ಇರಿವಿ ಕಡದಂಗೂ ಆಗ್ಲಿಲ್ಲ."

ಏನು ಹೇಳಿಬಿಟ್ಟೆನೆಂದು ಹೊಳೆದು ಶೇವಂತಾ ತುಟಿ ಕಚ್ಚಿಕೊಂಡಳು. ಅಷ್ಟರಲ್ಲಿ ಮದುಮಗಳು ಎದ್ದು ಬಂದು ಹೌಸಾಬಾಯಿಯ ಮುಂದೆ ಕೂತು ಎರಡೂ ಕೈ ಚಾಚಿದ್ದಳು. ಹೌಸಾಬಾಯಿ ನೀರು ಕುಡಿದು ಸುಧಾರಿಸಿಕೊಂಡಳು. ಹುಡುಗಿಯ ಕೈ ತನ್ನ ತೊಡೆಯ ಮೇಲಿಟ್ಟುಕೊಂಡು ನೆಗೆಣ್ಣಿಯ ಕಡೆ ತಿರುಗಿದಳು.

"ಸುಮ್ಮ ಯಾಕ ಕುಂತಿ? ಬಳಿ ಎತ್ತಿ ಕೊಡು."

ಅಷ್ಟು ಜನರೆದುರು ಶೇವಂತಾ ಒಂದೊಂದಾಗಿ ಎತ್ತಿ ಕೊಡಬೇಕಾಯಿತು.