ಹಾಜಿರಾ ಬೀ ಸಡಿಲಿಸಿದ ಹುರಿ

ಗುತ್ತಲಿನಲ್ಲಿ ಮರಿಸಿದ್ದಯ್ಯನವರ ಗಾಡಿಚಕ್ರದ ಕಾರ್ಖಾನೆಗೆ ಕರೆಂಟಿನ ಗರಗಸ ಬಂದ ವರ್ಷವೇ ಹಾಜಿರಾ ಬೀಗೂ ಅಲ್ಲಿ ಕೆಲಸ ಸಿಕ್ಕಿತು. ಗರಗಸದ ಧೂಳನ್ನು ಒಂದು ಫ್ಯಾನು ಎಳೆದು ಆಳುದ್ದದ ಬಟ್ಟೆಚೀಲಗಳಿಗೆ ತುಂಬುತ್ತಿತ್ತು. ಗಾಳಿ ಬಟ್ಟೆಯಲ್ಲಿ ಸೋಸಿ ಹೊರಗೆ ಹೋದರೆ ಧೂಳು ಒಳಗೇ ಉಳಿಯುತ್ತಿತ್ತು. ಚೀಲ ಬಿಚ್ಚಿ ಬಡಿಯುವುದು, ತೇಪೆ ಹಾಕುವುದು, ಮತ್ತೆ ಫ್ಯಾನಿನ ಕೊಳವೆಯ ಬಾಯಿಗೆ ಹುರಿ ಬಿಗಿದು ಕಟ್ಟುವುದು ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ಅವಳು ಐದು ವರ್ಷ ಅದರಲ್ಲೇ ಬದುಕಿದ್ದಳು.

ಎರಡನೇ ಮಹಾಯುದ್ಧದ ಕಾಲದಲ್ಲಿ ಬಟ್ಟೆ ಸಿಗುವುದು ಕಷ್ಟವಾಯಿತು. ಆಗಲೇ ಬಸರಾಳಿನ ಮಂಗಳಮ್ಮ ಕೆಲಸಕ್ಕೆ ಸೇರಿದ್ದು. ಅವಳು ಚೀಲವನ್ನು ಬಡಿಯುತ್ತಿರಲಿಲ್ಲ. ಒಳಮಗ್ಗುಲು ಹೊರಗೆ ಮಾಡಿ ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜುತ್ತಿದ್ದಳು. ಚೀಲ ಎರಡರಷ್ಟು ಬಾಳಿಕೆ ಬಂತು.

"ಕೋಲಲ್ಲಿ ಬಡುದ್ರೆ ಬಟ್ಟೆ ತಡೆದಾತಾ ಬೂಬಮ್ಮ? ಮಂಗಳಮ್ಮನ್ನ ನೋಡಿ ಕಲ್ತ್ಕೊ" ಎಂದರು ಯಜಮಾನರು, ಎಲ್ಲರ ಮುಂದೆ.

ಆ ಮಾತು ಹಾಜಿರಾಳ ಹೊಟ್ಟೆಯಲ್ಲಿ ಕೆಂಡದಂತೆ ಕೂತಿತು. ಮಂಗಳಮ್ಮ ನಕ್ಕರೂ ಉರಿ, ಊಟಕ್ಕೆ ಕರೆದರೂ ಉರಿ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ಮಂಗಳಮ್ಮ ಕಟ್ಟಿದ್ದ ಹುರಿಯನ್ನು ಸಡಿಲಿಸಿದಳು. ನೆಲಕ್ಕೆ ಒಂದಿಷ್ಟು ಧೂಳು ಚೆಲ್ಲಲಿ, ಅವಳೂ ಬೈಸಿಕೊಳ್ಳಲಿ, ಅಷ್ಟೇ ಸಾಕಿತ್ತು.

ಫ್ಯಾನು ತಿರುಗಿತು. ಚೀಲ ಕಳಚಿ, ಧೂಳೆಲ್ಲ ಗರಗಸದ ಮುಂದಿದ್ದ ಮಜೀದನ ಮುಖಕ್ಕೆ ರಾಚಿತು. ಮಜೀದ್ ಹಾಜಿರಾಳ ಸ್ವಂತ ತಮ್ಮ. ಕಣ್ಣು ಕಾಣದೆ ಕೈ ಜಾರಿ ಹೆಬ್ಬೆರಳು ಸೀಳಿತು.

ಯಜಮಾನರು ಮಂಗಳಮ್ಮನ ಮೇಲೆ ಹರಿಹಾಯ್ದರು. ಅವಳು ಬಿದ್ದಿದ್ದ ಹುರಿಯನ್ನು ಎತ್ತಿ ನೋಡಿದಳು; ಅದು ಹರಿದಿರಲಿಲ್ಲ, ಯಾರೋ ಸಡಿಲಿಸಿದಂತಿತ್ತು. ಹಾಜಿರಾಳನ್ನು ನೋಡಿದಳು. "ಇನ್ಮೇಕೆ ನೋಡ್ಕಂಡ್ ಕಟ್ತೀನಿ ಬುಡಿ" ಎಂದಳು.

ಸಂಜೆ ಹಾಜಿರಾಳೇ ಅವಳನ್ನು ತಡೆದು ಕೇಳಿದಳು: "ಯಜಮಾನ್ರಿಗೆ ಯಾಕೆ ಏಳ್ಲಿಲ್ಲ?"

"ಏನಂತ ಏಳ್ಲಕ್ಕ? ರಕ್ತ ಸುರುದದ್ದು ನಿನ್ ತಮ್ಮಂದೇ."

ಬೈದಿದ್ದರೆ ಹಾಜಿರಾ ತಡೆದುಕೊಳ್ಳುತ್ತಿದ್ದಳು. ಇದರಲ್ಲೂ ಇವಳೇ ದೊಡ್ಡವಳಾದಳಲ್ಲ ಎಂಬುದೇ ಅವಳನ್ನು ಕೊರೆಯಿತು. ಮರುದಿನ ಯಜಮಾನರ ಮುಂದೆ ನಿಂತು ನಡೆದದ್ದನ್ನು ಹೇಳಿಬಿಟ್ಟಳು. ಅವರು ಚೀಲ ಕಟ್ಟುವ ಕೆಲಸವನ್ನೆಲ್ಲ ಮಂಗಳಮ್ಮನಿಗೆ ವಹಿಸಿ, ಇವಳಿಗೆ ತೇಪೆಯ ಕೆಲಸವೊಂದನ್ನೇ ಉಳಿಸಿದರು. ಮಜೀದ್ ತಿಂಗಳುಗಟ್ಟಲೆ ಅಕ್ಕನ ಮನೆಯ ಕಡೆ ಸುಳಿಯಲಿಲ್ಲ.

ಒಪ್ಪಿಕೊಂಡರೆ ಉರಿ ಆರುತ್ತದೆಂದು ಹಾಜಿರಾ ಅಂದುಕೊಂಡಿದ್ದಳು. ಆರಲಿಲ್ಲ. ಮಂಗಳಮ್ಮ ಹರಿದ ಚೀಲ ತಂದುಕೊಟ್ಟಾಗ ಮುಖ ನೋಡದೆ ಇಸಿದುಕೊಂಡಳು. ಹೊಲಿಗೆಯನ್ನು ಮಾತ್ರ, ಆ ಹೆಂಗಸಿಗೆ ಬೆರಳು ತೋರಿಸಲು ಜಾಗ ಸಿಗದಂತೆ, ಒತ್ತೊತ್ತಾಗಿ ಹಾಕತೊಡಗಿದಳು.