‘ಲ’ ಬಿಟ್ಟುಹೋದ ಹಚ್ಚೆ

ಬೆಳಗಿನ ಐದೂವರೆ. ಗೋವಾದ ಝುವಾರಿನಗರದ ಓಣಿಯಲ್ಲಿ ನೀರಿನ ಕೊಡಗಳ ಸಾಲು ಇನ್ನೂ ಕರಗಿಲ್ಲ. ಲಕ್ಷ್ಮವ್ವನ ಹೊಸ್ತಿಲಲ್ಲಿ ಬೇರೆಯೇ ಒಂದು ಸಾಲಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಕೈಯಲ್ಲಿ ಹಿಡಿದು, ಬನಿಯನ್ನಿನಲ್ಲೇ ನಿಂತ ಹೋಟೆಲ್ ಕೆಲಸಗಾರರು. ಆರೂವರೆಗೆ ಹೋಟೆಲಿನ ಬಸ್ಸು ಬರುವುದರೊಳಗೆ ಇವರ ಮೈಮೇಲಿನ ಹಚ್ಚೆಗಳು ಮಾಯವಾಗಬೇಕು. ಹಚ್ಚೆ ಕಂಡರೆ ಗಿರಾಕಿಗಳ ಮುಂದೆ ಸುಳಿಯುವಂತಿಲ್ಲ ಎಂಬುದು ಅವರ ಮಾಲೀಕರ ಕಟ್ಟಪ್ಪಣೆ.

ಮೊದಲ ಸರದಿ ಊಟ ಬಡಿಸುವ ಕುಬೇರನದು. ಕುತ್ತಿಗೆಯ ಮೇಲೊಂದು ಚೇಳು. ಲಕ್ಷ್ಮವ್ವ ಕಿತ್ತಳೆ ಬಣ್ಣದ ಲಿಪ್‌ಸ್ಟಿಕ್ಕನ್ನು ಬೆರಳಿಗೆ ತೆಗೆದುಕೊಂಡು ಅದರ ಮೇಲೆ ತಟ್ಟುತ್ತಾರೆ. ಹಚ್ಚೆಯ ನೀಲಿ ಸಾಯುವುದು ಅದರಿಂದಲೇ. ಆಮೇಲೆ ಮೈಬಣ್ಣದ ಕ್ರೀಮು, ಅದರ ಮೇಲೆ ಪೌಡರ್. ಕೊನೆಗೆ ಬಿಳಿ ಬಟ್ಟೆಯ ತುಂಡು ಒತ್ತಿ ನೋಡುತ್ತಾರೆ. ಬಟ್ಟೆಗೆ ಹತ್ತಿದರೆ ಕಾಲರಿಗೂ ಹತ್ತುತ್ತದೆ.

“ಈ ಚೇಳು ಯಾಕ ಬೇಕಿತ್ತೋ ನಿನಗ?”

“ಆವಾಗ ಚಂದ ಕಂಡಿತ್ರಿ ಮಾವಶಿ.”

“ಹಂಗಾದ್ರ ಈಗ ದಿನಾ ಬಂದು ಮುಚ್ಚಿಸ್ಕೋ.”

ಒಬ್ಬರಿಗೆ ಹನ್ನೆರಡು ನಿಮಿಷ, ದಿನಕ್ಕೆ ಐದು ಮಂದಿ. ವಾಸ್ಕೋದ ಬ್ಯೂಟಿ ಪಾರ್ಲರೊಂದರಲ್ಲಿ ಒಂಬತ್ತು ವರ್ಷ ಕಸ ಗುಡಿಸುತ್ತ, ಮದುಮಗಳಿಗೆ ಬಣ್ಣ ಹಚ್ಚುವುದನ್ನು ಓರೆಗಣ್ಣಲ್ಲಿ ನೋಡಿ ಕಲಿತ ವಿದ್ಯೆ ಇದು. ಇವರ ಬಗ್ಗೆ ಬರೆಯಲೆಂದು ಬಂದ ನಾನು, ಖಾಯಮ್ಮಾಗಿ ಮುಚ್ಚಿಸಬಹುದಲ್ಲ ಎಂದು ಕೇಳಿದೆ. “ಅದರ ಮ್ಯಾಲ ಇನ್ನೊಂದು ಹಾಕಸಬೇಕ್ರಿ. ಮೊದಲಿಂದಕ್ಕಿಂತ ದೊಡ್ಡದು, ಇನ್ನೂ ಕರೇದು. ಅದೂ ಬ್ಯಾಡಾತಂದ್ರ ಏನ್ ಮಾಡ್ತೀರಿ?”

ಈ ವಯಸ್ಸಿನಲ್ಲಿ ನನಗೂ ತೋಳಿನ ಮೇಲೊಂದು ನವಿಲುಗರಿಯ ಆಸೆ. ಹೇಳಿಬಿಟ್ಟೆ. ಲಕ್ಷ್ಮವ್ವ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. “ಮೊದಲ ಬಾಲ್‌ಪೆನ್ನಿಲೆ ಬರಕೋರಿ. ದಿನಾ ಜಳಕಾ ಮಾಡಿ ಮತ್ತ ಬರೀರಿ. ತಿಂಗಳಾದ್ರೂ ಬ್ಯಾಸರಾಗ್ಲಿಲ್ಲಂದ್ರ ಹೋಗ್ರಿ. ಅಕ್ಷರ ಹಾಕಸೋದಿದ್ರ ಓದಾಕ ಬರೋರಿಗೆ ಎರಡು ಸಲ ತೋರಸ್ರಿ.” ಕಡೆಯ ಮಾತು ಹೇಳುವಾಗ ಅವರ ಮುಖದಲ್ಲಿ ನಗುವಿಲ್ಲ.

ಅವರ ಎಡಗೈ ಮೇಲೂ ಒಂದು ಹೆಸರಿದೆ: ದೇವಪ್ಪ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಮನೆಯಲ್ಲಿ ಬೆಳೆದವರು ಇವರು. “ಲಗ್ನದಾಗ ಗಂಡನ ಹೆಸರು ಕೂಡಿಸಿ ಹೇಳೋ ಒಡಪಿನೊಳಗ ಒಮ್ಮೆ ಹೇಳಿದ್ದೆರಿ. ಆಮ್ಯಾಲ ಇಲ್ಲ.” ವಿಜಯಪುರದ ಕಡೆಯಿಂದ ಬಂದು ಮೊದಲು ವಾಸ್ಕೋದ ಬಾಯ್ನಾದಲ್ಲಿ ನೆಲೆ ನಿಂತಾಗ ಹೋದಲ್ಲೆಲ್ಲ ಅದೇ ಪ್ರಶ್ನೆ, ಗಂಡನ ಹೆಸರೇನು? ಕೊನೆಗೆ ಯಾರಿಂದಲೋ ಚೀಟಿ ಬರೆಸಿ, ಅಲ್ಲಿನ ಕಡಲದಂಡೆಯಲ್ಲಿ ಹಚ್ಚೆ ಹಾಕಿಸಿಕೊಂಡರು. ಯಾರು ಕೇಳಿದರೂ ಕೈ ಚಾಚಿದರಾಯಿತು.

ಆದರೆ ಗಂಡನ ಹೆಸರು ದೇವಲಪ್ಪ. ಚುಚ್ಚಿದವನಿಗೆ ಕನ್ನಡ ಬಾರದು, ನಡುವಿನ ‘ಲ’ ಬಿಟ್ಟುಹೋಯಿತು. ಗಂಡ ಹೆಂಡತಿ ಇಬ್ಬರಿಗೂ ಓದು ಬಾರದು. ಬಂದರಿನಲ್ಲಿ ಜೊತೆಗಿದ್ದ ಹಮಾಲಿಯವರೆಲ್ಲ ಗಂಡನನ್ನು ದೇವಣ್ಣ ಎಂದೇ ಕರೆಯುತ್ತಿದ್ದುದರಿಂದ ತಪ್ಪು ಯಾರ ಗಮನಕ್ಕೂ ಬರಲಿಲ್ಲ. ಮಗಳು ಅಂಬಿಕಾಳನ್ನು ಕನ್ನಡ ಶಾಲೆಗೆ ಸೇರಿಸುವಾಗಲೂ ಲಕ್ಷ್ಮವ್ವ ಕೈ ಚಾಚಿದರು. ಗುಮಾಸ್ತರು ಕಂಡದ್ದನ್ನು ಬರೆದುಕೊಂಡರು.

ಈಗ ಅಂಬಿಕಾಗೆ ನರ್ಸಿಂಗ್ ಸೀಟು ಸಿಕ್ಕಿದೆ. ಅವಳ ಅಂಕಪಟ್ಟಿಯಲ್ಲಿ ದೇವಪ್ಪ. ನಾಲ್ಕು ವರ್ಷದ ಹಿಂದೆ ತೀರಿಕೊಂಡ ಅಪ್ಪನ ಕಾಗದಗಳಲ್ಲಿ ದೇವಲಪ್ಪ. ಸೋಮವಾರದೊಳಗೆ ಸರಿಯಾಗದಿದ್ದರೆ ಸೀಟು ಕೈತಪ್ಪುತ್ತದೆ. ಶಾಲೆಯ ದಾಖಲೆ ತಿದ್ದಬೇಕಾದರೆ ತಾಯಿಯೇ ಬಂದು ಹೇಳಿಕೆ ಕೊಡಬೇಕು. ಹೋದ ವಾರ ಹೆಡ್‌ಮಾಸ್ತರರು ಹೆಸರು ಕೇಳಿದಾಗ ಲಕ್ಷ್ಮವ್ವ ರೂಢಿಯಂತೆ ಕೈ ಮುಂದೆ ಮಾಡಿದರು. “ಇಲ್ಲೂ ದೇವಪ್ಪ ಅಂತನ ಐತಲ್ಲವಾ” ಎಂದು ಅವರು ವಾಪಸು ಕಳಿಸಿದರು.

“ಮಂದಿ ತಪ್ಪು ಮುಚ್ಚಾಕತ್ತೇನಿ ಇಷ್ಟು ವರ್ಷ. ನಂದ ಒಂದು ಅಕ್ಷರ ಮಗಳಿಗೆ ಅಡ್ಡ ಬಂತಲ್ರಿ” ಎನ್ನುವಾಗ ಅವರ ಕಣ್ಣು ತುಂಬುತ್ತದೆ.

ಇವತ್ತು ಹತ್ತಕ್ಕೆ ಮತ್ತೆ ಶಾಲೆಗೆ ಹೋಗಬೇಕು. ಹೋಟೆಲಿನ ಬಸ್ಸು ಹೊರಟ ಮೇಲೆ ಲಕ್ಷ್ಮವ್ವ ಡಬ್ಬಿ ಮುಚ್ಚುವುದಿಲ್ಲ. ಲಿಪ್‌ಸ್ಟಿಕ್ ತೆಗೆದು ತಮ್ಮದೇ ಕೈಮೇಲೆ ತಟ್ಟುತ್ತಾರೆ. ಇಷ್ಟು ವರ್ಷದಲ್ಲಿ ಅವರು ತಮ್ಮ ಹಚ್ಚೆ ಮುಚ್ಚುತ್ತಿರುವುದು ಇದೇ ಮೊದಲು. “ಕೈ ಮಾತಾಡಾಕ ಬಿಟ್ರ ಬಾಯಿ ಬರೂದಿಲ್ರಿ” ಎನ್ನುತ್ತಾರೆ. ಕ್ರೀಮು, ಪೌಡರ್, ಬಿಳಿ ಬಟ್ಟೆ. ಬಟ್ಟೆಗೆ ಏನೂ ಹತ್ತಿಲ್ಲ.

ಅಭ್ಯಾಸಕ್ಕೆಂದು ಅಂಬಿಕಾ ಎದುರಿಗೆ ಹೆಡ್‌ಮಾಸ್ತರರಂತೆ ಕೂರುತ್ತಾಳೆ. “ಹುಡುಗಿ ತಂದಿ ಹೆಸರೇನವಾ?”

ಲಕ್ಷ್ಮವ್ವನ ಕೈ ತಾನಾಗಿ ಮುಂದೆ ಬರುತ್ತದೆ. ಬರೀ ಚರ್ಮ. ಒಮ್ಮೆ ಅದನ್ನು ನೋಡಿ, ಸೆರಗನ್ನು ತಲೆಮೇಲೆ ಎಳೆದುಕೊಂಡು, ನೆಲ ನೋಡುತ್ತ ಹೇಳುತ್ತಾರೆ.

“ದೇವಲಪ್ಪ.”

ಲಕ್ಷ್ಮವ್ವ ತಲೆಯೆತ್ತಿ ನನ್ನ ಕಡೆ ನೋಡುತ್ತಾರೆ.

“‘ಲ’ ಕೇಳಿಸ್ತೇನ್ರಿ?”