ಕಬ್ಬಿನ ಮನೆ, ಜೋಳದ ಮನೆ

ದುರ್ಗಕ್ಕನ ಬಾಯಿ ದೊಡ್ಡದು ಎನ್ನುವವರು ಇವತ್ತಿಗೂ ಇದ್ದಾರೆ. ದೊಡ್ಡದೇ, ಇಲ್ಲ ಅಂದವರು ಯಾರು? ಆ ಬಾಯಿ ಇಲ್ಲದಿದ್ದರೆ ನಮ್ಮ ಓಣಿಯ ಅರ್ಧ ಮನೆಗಳ ನಳ ಎಂಬತ್ತಮೂರರಲ್ಲೇ ಕಿತ್ತು ಹೋಗುತ್ತಿತ್ತು.

ಹೊಸಪೇಟೆ ಹತ್ತಿರದ ಮಲಪನಗುಡಿ ದಾಟಿದರೆ ನಮ್ಮೂರು. ದುರ್ಗಕ್ಕ ನಮ್ಮ ಪಕ್ಕದ ಮನೆಯವಳು. ಗಂಡ ತೀರಿಕೊಂಡ ಮೇಲೆ ಬಾಳೆತೋಟಕ್ಕೆ ಕೂಲಿ ಹೋಗಿ ಮಗಳನ್ನು ಸಾಕಿದಳು. ಕಾಲುವೆಯಿಂದ ನೀರು ಹೊತ್ತೂ ಹೊತ್ತೂ ಅವಳ ನೆತ್ತಿಯ ಕೂದಲೇ ಸವೆದಿತ್ತು. ಮನೆಗೆ ಬೋರ್‌ವೆಲ್ ನೀರಿನ ನಳ ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಅತ್ತುಬಿಟ್ಟಳು. ನಾಲ್ಕು ಕೊಡ ತುಂಬಿದರೆ ಅವಳ ದಿನದ ನೀರಿನ ಕೆಲಸ ಮುಗಿಯಿತು.

ಅಷ್ಟರಲ್ಲಿ ಪಂಚಾಯತಿ ಡಂಗುರ ಸಾರಿತು: ಮನೆಗೆ ತಿಂಗಳಿಗೆ ಹತ್ತು ರೂಪಾಯಿ, ಕಟ್ಟದವರ ನಳ ಕಟ್. ಹತ್ತು ರೂಪಾಯಿ ಎಂದರೆ ಅವಳಿಗೆ ಎರಡು ದಿನದ ಕೂಲಿ. ಚೇರ್ಮನ್ ಗಾದಿಲಿಂಗಪ್ಪನಿಗೂ ಅದೇ ಹತ್ತು. ಅವನ ಮನೆಯಲ್ಲೋ ಆರು ಎಮ್ಮೆ, ಸಿಮೆಂಟಿನ ತೊಟ್ಟಿ, ಊಟಕ್ಕೆ ಕುಳಿತರೆ ಮದುವೆ ಮನೆಯಂಥ ಪಂಕ್ತಿ. ನನಗಂತೂ ಮೈಯೆಲ್ಲ ಉರಿದುಹೋಯಿತು.

ಊರ ಕಟ್ಟೆಯ ಮೇಲೆ ಸಭೆ ಸೇರಿತು. "ಎಲ್ರಿಗೂ ಒಂದಾ ರೇಟು. ಮೀಟರ್ ಇಲ್ಲದ ಮ್ಯಾಲೆ ಯಾರು ಎಷ್ಟು ಬಳಸಿದ್ರು ಅಂತ ಹೆಂಗ ಹೇಳಾದು?" ಎಂದ ಗಾದಿಲಿಂಗಪ್ಪ.

ದುರ್ಗಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ಸಾವ್ಕಾರ್ರ, ಕಾಲುವಿ ನೀರಿಗೆ ಕಬ್ಬಿಗೂ ಜ್ವಾಳಕ್ಕೂ ಒಂದಾ ಕಂದಾಯ ಏನ್ರಿ?"

"ಹುಚ್ಚಿ! ಕಬ್ಬು ವರ್ಷಪೂರ್ತಿ ಕುಡೀತೈತಿ, ಅದಕ್ಕ ಜಾಸ್ತಿ. ಗದ್ದಿ ನೆಲ್ಲಿಗೆ ಅದಕ್ಕಿಂತ ಕಮ್ಮಿ, ಜ್ವಾಳಕ್ಕ ಇನ್ನೂ ಕಮ್ಮಿ."

"ಹೊಲದಾಗ ಮೀಟರ್ ಐತೇನ್ರಿ?"

"ಮೀಟರ್ ಯಾಕ ಬೇಕು? ಬೆಳಿ ಕಣ್ಣಿಗೆ ಕಾಣ್ತದಲ್ಲ!"

"ಎಮ್ಮಿನೂ ಕಣ್ಣಿಗೆ ಕಾಣ್ತಾವಲ್ರೀ! ನಿಮ್ಮನಿ ಕಬ್ಬು, ನಮ್ಮನಿ ಜ್ವಾಳ. ಜ್ವಾಳದಾಕಿ ಕಬ್ಬಿನ ಕಂದಾಯ ಕಟ್ಟಾದು ಯಾವೂರ ನ್ಯಾಯ?"

ಕಟ್ಟೆಗೆ ಕಟ್ಟೆಯೇ ಹೋ ಎಂದು ನಕ್ಕಿತು. ಗಾದಿಲಿಂಗಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಹೊಸಪೇಟಿಂದ ಎರಡು ಮೀಟರ್ ತರಿಸ್ತೀನಿ, ನಮ್ಮನಿಗೊಂದು, ನಿಮ್ಮನಿಗೊಂದು. ಒಂದು ತಿಂಗಳು ನೋಡಾಣ. ನಮ್ಮನಿ ಮೀಟರ್ ಜಾಸ್ತಿ ಓಡಿ ನಾ ಸೋತ್ರ ನೀ ಹೇಳ್ದಂಗ ರೇಟು. ನೀ ಸೋತ್ರ ನಳ ಬಿಟ್ಟುಬಿಡಬೇಕು, ನೋಡು!"

"ಹಾಕ್ಸ್ರಿ, ನನಗೇನು ಅಂಜಿಕಿ?" ಎಂದಳು ದುರ್ಗಕ್ಕ. ಮನೆಗೆ ಬಂದ ಮೇಲೆ ಮಾತ್ರ, "ಮತ್ತ ಕೊಡ ಹೊರಬೇಕಾತಂದ್ರ ಸತ್ತೇ ಹೋಗ್ತೀನಬೇ" ಎಂದು ನನ್ನ ಕೈ ಹಿಡಿದುಕೊಂಡಳು.

ಗಾದಿಲಿಂಗಪ್ಪ ಮಹಾ ಜಾಣ. ಮೀಟರ್ ಕೂತ ದಿನದಿಂದ ಎಮ್ಮೆಗಳನ್ನು ಕಾಲುವೆಗೆ ಅಟ್ಟಿದ, ಬಟ್ಟೆಗಳನ್ನೂ ಅಲ್ಲಿಗೇ ಕಳಿಸಿದ. ಅವನ ನಳ ಬಾಯಿಯನ್ನೇ ಬಿಡಲಿಲ್ಲ. ದುರ್ಗಕ್ಕನಿಗೆ ಅನ್ನ ಸೇರಲಿಲ್ಲ.

ಆದರೆ ಸಿಟ್ಟಿನ ಭರದಲ್ಲಿ ಒಂದನ್ನು ಮರೆತಿದ್ದ. ಹುಟ್ಟಿದಾಗಿನಿಂದ ಕಾಲುವೆ ನೀರಲ್ಲೇ ಬೆಳೆದ ಮನುಷ್ಯ, ಬೇಸಿಗೆಯಲ್ಲಿ ರಿಪೇರಿಗೆಂದು ಕಾಲುವೆ ಬಂದ್ ಆಗುತ್ತದೆ ಎನ್ನುವುದನ್ನೇ ಮರೆತಿದ್ದ! ಎರಡನೇ ವಾರ ನೀರು ನಿಂತಿತು. ಎಮ್ಮೆಗಳು ಬಾಯಾರಿ ಒದರತೊಡಗಿದವು. ಅವನ ಹೆಂಡತಿ ನೀಲಗಂಗಮ್ಮ, "ನಿಮ್ಮ ಹಟಕ್ಕ ಮೂಕ ಜೀವ ಕೊಲ್ತೀರೇನು?" ಎಂದು ತಾನೇ ನಳ ತಿರುಗಿಸಿದಳು. ಮೀಟರಿನ ಮುಳ್ಳು ಗಿರಗಿರನೆ ಸುತ್ತಿತು. ಮಾಡಿದ್ದುಣ್ಣೋ ಮಾರಾಯ!

ತಿಂಗಳಾದ ಮೇಲೆ ಊರ ಮಂದಿಯೆಲ್ಲ ಮೀಟರ್ ನೋಡಲು ಬಂದರು. ದುರ್ಗಕ್ಕನದರಂಥ ಹತ್ತು ಮನೆ ಕೂಡಿಸಿದರೂ ಅವನೊಬ್ಬನ ಮನೆಯಷ್ಟು ಆಗುತ್ತಿರಲಿಲ್ಲ. ಗಾದಿಲಿಂಗಪ್ಪ ಮಾತಿಗೆ ತಪ್ಪಲಿಲ್ಲ, ಅದನ್ನು ಹೇಳಲೇಬೇಕು. "ಆತವಾ ದುರ್ಗಕ್ಕ, ನಮ್ಮನಿ ಕಬ್ಬು" ಎಂದು ಕಟ್ಟೆಯ ಮೇಲೆ ನಿಂತು ಒಪ್ಪಿದ. ಮೀಟರ್ ಎರಡನ್ನೂ ಬಿಚ್ಚಿಸಿದರು. ಅಂದಿನಿಂದ ನಮ್ಮೂರಿನ ಮನೆಗಳಿಗೆ ಮೂರು ದರ: ದೊಡ್ಡ ತೊಟ್ಟಿ, ಎಮ್ಮೆಗಳ ಹಿಂಡು ಇದ್ದರೆ ಕಬ್ಬು, ಒಂದೆರಡು ದನವಿದ್ದರೆ ನೆಲ್ಲು, ಬರೀ ಕೊಡದವರು ಜೋಳ.

ತೊಂಬತ್ತೊಂದರಲ್ಲಿ ದುರ್ಗಕ್ಕ ಒಂದು ಎಮ್ಮೆ ಕೊಂಡಳು. ಅದನ್ನು ಗೂಟಕ್ಕೆ ಕಟ್ಟಿದವಳೇ ನೆಟ್ಟಗೆ ಪಂಚಾಯತಿಗೆ ನಡೆದಳು. ನಾನೂ ಹಿಂದೆಯೇ ಓಡಿದೆ.

"ಎಮ್ಮಿ ಐತೇನಂತ ಯಾರೂ ಕೇಳಿಲ್ಲಲ್ಲಬೇ, ಸುಮ್ನಿರು" ಎಂದ ಕರ ವಸೂಲಿಯ ಪಂಪಣ್ಣ.

"ಯಾಕ ಸುಮ್ನಿರ್ಲಿ?" ದುರ್ಗಕ್ಕನ ದನಿ ಬೀದಿಯ ತುದಿಯವರೆಗೂ ಕೇಳಿಸಿತು. "ಬರಕೋ ತಮ್ಮಾ, ದುರ್ಗಕ್ಕನ ಮನಿ ಇವತ್ತಿಂದ ನೆಲ್ಲು!"